ಗಾಡಿಯಿಂದ ಹೊರಗ ಬರೋ ಖೋಲಿ: ಸ್ಲೈಡ್-ಔಟ್ ಆರೈಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಮ್ಮ ಮನೆಯ ಬೇವಿನ ಮರದ ಕೆಳಗೆ ಮೋಟಾರ್‌ಹೋಮ್ ಬಂದು ನಿಂತು ಆರು ವರ್ಷವಾಯಿತು. ಅವ್ವನಿಗೆ ಸೊಂಟದ ನೋವು, ಎರಡು ತಾಸಿನ ಮೇಲೆ ಕೂತು ಪ್ರಯಾಣ ಮಾಡಲು ಆಗುವುದಿಲ್ಲ. ಆದರೆ ಗಾಣಗಾಪುರಕ್ಕೆ ಹೋಗದೆ ಅವಳ ಮನಸ್ಸು ನಿಲ್ಲದು, ವರ್ಷಕ್ಕೊಮ್ಮೆಯಾದರೂ ಬಸವಕಲ್ಯಾಣ ನೋಡಲೇಬೇಕು. ಅದಕ್ಕೇ ಅಣ್ಣ ಮತ್ತು ನಾನು ಬಸ್ಸಿನ ಚಾಸಿ ಮೇಲೆ ಮಲಗುವ ಮನೆ ಕಟ್ಟಿಸಿದೆವು. ಪಕ್ಕದ ಗೋಡೆಯ ಒಂದು ಭಾಗ ಮಂಚದ ಸಮೇತ ಹೊರಗೆ ಸರಿಯುತ್ತದೆ. ಕಟ್ಟಿದವರು ಅದನ್ನು ಸ್ಲೈಡ್-ಔಟ್ ಎಂದರು. ಅವ್ವ ಮೊದಲ ದಿನದಿಂದಲೂ ‘ಹೊರಗ ಬರೋ ಖೋಲಿ’ ಎನ್ನುತ್ತಾಳೆ.

ಗಾಡಿ ನಿಂತಲ್ಲೆಲ್ಲ ಜನ ಸೇರುತ್ತಾರೆ, ಪ್ರಶ್ನೆ ಕೇಳುತ್ತಾರೆ. ಈಚೆಗೆ ಇಂಥದ್ದೇ ಖೋಲಿ ಇರುವ ಸಂಚಾರಿ ದವಾಖಾನೆ ನೋಡಿಕೊಳ್ಳುವವರು, ವ್ಯಾನಿಟಿ ವ್ಯಾನ್ ಇಟ್ಟವರು ಕೂಡ ಫೋನ್ ಮಾಡುತ್ತಾರೆ. ಈ ಸಾಮಾನು ಹುಟ್ಟಿ ಬೆಳೆದದ್ದು ಅಮೆರಿಕದ ಕಡೆ. ಅದರ ಕೈಪಿಡಿಗಳಲ್ಲಿ ಮಂಜುಗಡ್ಡೆಯ ಮಾತಿದೆ, ರಸ್ತೆಗೆ ಸುರಿಯುವ ಉಪ್ಪಿನ ಮಾತಿದೆ. ನಮ್ಮಲ್ಲಿ ಇರುವುದು ಧೂಳು, ಬಿಸಿಲು, ಎರೆಮಣ್ಣು. ಇವುಗಳ ನಡುವೆ ಆ ಖೋಲಿಯನ್ನು ಹೇಗೆ ಕಾಯಬೇಕು ಎಂಬುದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಸ್ಲೈಡ್-ಔಟ್ ಅಂದ್ರ ಏನ್ರಿ? ಅದನ್ನ ಯಾವುದು ತಳ್ಳತದ?

ಮೇಜಿನ ಖಾನೆಯನ್ನು ನೆನೆಸಿಕೊಳ್ಳಿ. ಗಾಡಿಯ ಗೋಡೆಯಲ್ಲಿ ದೊಡ್ಡ ಬಾಯಿ ತೆಗೆದು, ಅದರೊಳಗೆ ನೆಲ, ಚಾವಣಿ, ಮೂರು ಗೋಡೆಯಿರುವ ಪೆಟ್ಟಿಗೆ ಕೂರಿಸಿರುತ್ತಾರೆ. ಓಡುವಾಗ ಪೆಟ್ಟಿಗೆ ಒಳಗೆ, ನಿಂತಾಗ ಹೊರಗೆ. ಸಂದಿಯಲ್ಲಿ ನೀರು, ಗಾಳಿ ನುಗ್ಗದಂತೆ ಸುತ್ತಲೂ ರಬ್ಬರ್ ಪಟ್ಟಿ.

ತಳ್ಳುವ ಬಗೆ ಮುಖ್ಯವಾಗಿ ನಾಲ್ಕು. ಒಂದು, ಗಾಡಿಯ ಚೌಕಟ್ಟಿನ ಅಡಿಯಲ್ಲಿ ಉದ್ದನೆಯ ಹಲ್ಲುಪಟ್ಟಿ, ಅದರ ಮೇಲೆ ತಿರುಗುವ ಪಿನಿಯನ್ ಗೇರ್, ಅದಕ್ಕೊಂದು ಮೋಟರ್. ನಮ್ಮದು ಇದೇ. ಎರಡು, ಶ್ವಿಂಟೆಕ್ ಎಂಬ ಹೆಸರಿನಿಂದ ಪರಿಚಿತವಾದದ್ದು. ಅದರಲ್ಲಿ ಅಲ್ಯೂಮಿನಿಯಂ ಹಳಿಗಳು ಪೆಟ್ಟಿಗೆಯ ಅಕ್ಕಪಕ್ಕದ ಗೋಡೆಯಲ್ಲೇ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು ಪುಟ್ಟ ಮೋಟರ್. ಮೂರು, ಉಕ್ಕಿನ ಹಗ್ಗ ಮತ್ತು ರಾಟೆ. ನಾಲ್ಕು, ಹೈಡ್ರಾಲಿಕ್. ನಿಮ್ಮದು ಯಾವುದೆಂದು ಗಾಡಿಯ ಅಡಿಗೆ ಬಗ್ಗಿ, ಪಕ್ಕದ ಗೋಡೆ ನೋಡಿ ಮೊದಲು ತಿಳಿದುಕೊಳ್ಳಿ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡಾಗಬಹುದು.

ಯಾವ ಎಣ್ಣಿ ಹಚ್ಚಬೇಕ್ರಿ? ಒಂದ ಹೆಸರು ಹೇಳ್ರಿ.

ಒಂದೇ ಹೆಸರಿನಲ್ಲಿ ಮುಗಿಯುವುದಿಲ್ಲ. ಒಂದೇ ಖೋಲಿಯಲ್ಲಿ ಲೋಹವಿದೆ, ರಬ್ಬರಿದೆ, ಪ್ಲಾಸ್ಟಿಕ್ ರೋಲರ್ ಇದೆ.

ಗಾಳಿಗೆ ತೆರೆದುಕೊಂಡಿರುವ ಹಲ್ಲುಪಟ್ಟಿ ಮತ್ತು ಹಳಿಗೆ ಒಣ ಟೆಫ್ಲಾನ್ ಸ್ಪ್ರೇ. ಡಬ್ಬಿಯ ಮೇಲೆ ಪಿಟಿಎಫ್‌ಇ ಎಂದು ಬರೆದಿರುತ್ತದೆ, ಅದೂ ಇದೂ ಒಂದೇ. ಸಿಂಪಡಿಸಿದಾಗ ಒದ್ದೆಯಾಗಿರುತ್ತದೆ, ಕೆಲವು ನಿಮಿಷದಲ್ಲಿ ದ್ರಾವಕ ಆರಿಹೋಗಿ ತೆಳುವಾದ ನುಣುಪು ಪದರ ಉಳಿಯುತ್ತದೆ. ಅಂಟಿಲ್ಲ, ಹೀಗಾಗಿ ಧೂಳು ಕೂರಲು ಅಲ್ಲಿ ಜಾಗವಿಲ್ಲ. ರಬ್ಬರ್ ಪಟ್ಟಿಗೆ ಸಿಲಿಕೋನ್ ಸ್ಪ್ರೇ, ಇಲ್ಲವೆ ಇಪಿಡಿಎಂ ಎಂಬ, ಬಿಸಿಲು-ಮಳೆ ತಡೆಯುವ ರಬ್ಬರಿಗೆಂದೇ ಮಾರುವ ದ್ರಾವಣ. ಗ್ರೀಸ್ ಏನಿದ್ದರೂ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಪುಟ್ಟ ಮೂತಿ, ಇರುವ ಮುಚ್ಚಿದ ಬೇರಿಂಗಿಗೆ ಮಾತ್ರ. ನಿಪ್ಪಲ್ ಇಲ್ಲದ ಕಡೆ ಗ್ರೀಸ್ ಗನ್ ಹಿಡಿದು ಹೋಗಲೇಬೇಡಿ.

ಸಿಂಪಡಿಸುವ ಮುನ್ನ ಒಳಗಿನ ಗ್ಯಾಸ್ ಒಲೆ ಬಂದ್ ಮಾಡಿ, ಸಿಲಿಂಡರಿನ ವಾಲ್ವ್ ಕೂಡ ತಿರುಗಿಸಿ. ಈ ಸ್ಪ್ರೇಗಳು ಬೇಗ ಹೊತ್ತಿಕೊಳ್ಳುತ್ತವೆ.

ಗ್ರೀಸ್ ಯಾಕ ಬ್ಯಾಡ? ಟ್ರ್ಯಾಕ್ಟರಿಗೆ, ಬಂಡಿಗೆ ಎಲ್ಲಾದಕ್ಕೂ ಹಚ್ಚತೀವಲ್ಲ?

ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನಾನೇ ಮಾಡಿದ ತಪ್ಪೂ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎತ್ತಿನ ಬಂಡಿಗೆ ಕೀಲೆಣ್ಣೆ ಹಾಕುವುದನ್ನು ನೋಡುತ್ತ ಬೆಳೆದವರು ನಾವು. ಆದರೆ ಬಂಡಿಯ ಅಚ್ಚು ಗುಂಬದ ಒಳಗೆ ಮುಚ್ಚಿಕೊಂಡು ತಿರುಗುತ್ತದೆ, ಎಣ್ಣೆಯೂ ಒಳಗೇ ಇರುತ್ತದೆ. ಸ್ಲೈಡಿನ ಹಲ್ಲುಪಟ್ಟಿ ಹಾಗಲ್ಲ. ಅದು ಗಾಡಿಯ ಅಡಿಯಲ್ಲಿ, ಹಿಂದಿನ ಚಕ್ರದ ಧೂಳಿಗೆ ಎದೆಯೊಡ್ಡಿ ಕೂತಿರುತ್ತದೆ.

ಮೊದಲ ಬೇಸಿಗೆಯಲ್ಲಿ ನಾನು ಎಂಪಿ-3 ಗ್ರೀಸ್ ತಂದು ಹಲ್ಲುಪಟ್ಟಿಗೆ ಬೆರಳು ದಪ್ಪ ಬಳಿದೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂಬ ತೃಪ್ತಿಯಿಂದಲೇ ಬಳಿದದ್ದು. ಅವ್ವನನ್ನು ಕರೆದುಕೊಂಡು ಬೀದರಿಗೆ ಹೊರಟೆವು. ಕಮಲಾಪುರ ದಾಟಿ, ಹುಮನಾಬಾದಿನ ಆಚೆ ರಸ್ತೆ ಅಗೆದಿದ್ದರು. ಕೆಂಪು ಧೂಳಿನ ಮೋಡದಲ್ಲೇ ಹೋದೆವು. ಬೀದರಿನಲ್ಲಿ ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ಖೋಲಿ ಅರ್ಧಕ್ಕೆ ಬಂದು ಕರಕರ ಸದ್ದು ಮಾಡಿ ನಿಂತಿತು. ಅಡಿಗೆ ಹೋಗಿ ನೋಡಿದೆ. ಗ್ರೀಸ್ ಬಣ್ಣವೇ ಬದಲಾಗಿತ್ತು, ಬೆರಳಲ್ಲಿ ತಿಕ್ಕಿದರೆ ಮರಳು ಕಾಗದದಂತೆ ಕೊರೆಯುತ್ತಿತ್ತು. ಆ ರಾತ್ರಿ ಅವ್ವ ಕುರ್ಚಿಯಲ್ಲೇ ಕೂತು ಬೆಳಗು ಮಾಡಿದಳು. ಅವಳಿಗಾಗಿಯೇ ಮಾಡಿಸಿದ ಮಂಚ ಗೋಡೆಯೊಳಗೆ ಸಿಕ್ಕಿಕೊಂಡಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಊರಿಗೆ ಬಂದು ಬಿಚ್ಚಿಸಿದಾಗ ಪಿನಿಯನ್ನಿನ ಹಲ್ಲುಗಳು ಒಂದು ಬದಿಗೆ ಸವೆದು ಚೂಪಾಗಿದ್ದವು. ಗ್ರೀಸ್ ಮತ್ತು ಮಣ್ಣು ಸೇರಿದರೆ ಲೋಹ ಅರೆಯುವ ಲೇಪವಾಗುತ್ತದೆ, ವಾಲ್ವ್ ತಿಕ್ಕಲು ಮೆಕ್ಯಾನಿಕರು ಬಳಸುವ ಪೇಸ್ಟಿನಂತೆಯೇ. ಅಮೆರಿಕದ ಲಿಪ್ಪರ್ಟ್ ಕಂಪನಿ ಚೌಕಟ್ಟಿನಡಿಯ ಹಲ್ಲುಪಟ್ಟಿ ಸ್ಲೈಡುಗಳಿಗೆ ಕೊಡುವ ಕೈಪಿಡಿಯೂ ಸಾಮಾನ್ಯ ಬಳಕೆಯಲ್ಲಿ ಗ್ರೀಸ್ ಬೇಕಿಲ್ಲ, ಸೌಮ್ಯ ಸಾಬೂನು ನೀರಿನಿಂದ ತೊಳೆದು ಚೊಕ್ಕಟವಾಗಿಡಿ ಎಂದೇ ಹೇಳುತ್ತದೆ. ನಾನು ಅದನ್ನು ಮೊದಲೇ ಓದಬೇಕಿತ್ತು.

ಈಗಾಗ್ಲೇ ಗ್ರೀಸ್ ಹಚ್ಚೀವಿ. ಏನ್ ಮಾಡೋಣ?

ಖೋಲಿಯನ್ನು ಪೂರ್ತಿ ಹೊರಗೆ ತನ್ನಿ, ಮೋಟರಿನ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಮರದ ಚಕ್ಕೆಯಿಂದ ದಪ್ಪ ಗ್ರೀಸ್ ಕೆರೆದು ತೆಗೆಯಿರಿ. ಉಳಿ, ಸ್ಕ್ರೂಡ್ರೈವರ್ ಬೇಡ, ಹಲ್ಲಿಗೆ ಗೀರು ಬೀಳುತ್ತದೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಬ್ರೇಕ್ ಕ್ಲೀನರ್ ಹಾಕಿಕೊಂಡು ಹಲ್ಲಿನ ಸಂದಿ ಸಂದಿ ಉಜ್ಜಿ, ಬಟ್ಟೆಯಿಂದ ಒರೆಸಿ. ರಬ್ಬರಿನ ಮೇಲೆ ಒಂದು ಹನಿಯೂ ಬೀಳಬಾರದು, ಪಟ್ಟಿಗೆ ಮೊದಲೇ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಪೂರ್ತಿ ಆರಿದ ಮೇಲೆ ಒಣ ಟೆಫ್ಲಾನ್. ಅರ್ಧ ದಿನದ ಕೆಲಸ. ಅವಸರ ಮಾಡಿದರೆ ಇನ್ನೊಮ್ಮೆ ಮಾಡಬೇಕಾಗುತ್ತದೆ.

ಧೂಳು ಅಂದ್ರ ಎಲ್ಲಾ ಕಡಿ ಒಂದ ಅಲ್ಲೇನ್ರಿ?

ಅಲ್ಲ. ಕಲಬುರಗಿ, ಯಾದಗಿರಿ, ಬೀದರ್, ಈ ನಮ್ಮ ಮೂರು ಜಿಲ್ಲೆಗಳಲ್ಲಿ ತಿರುಗಾಡಿದರೆ ಹಲವು ಬಗೆಯ ಧೂಳು ಅಂಟಿಕೊಳ್ಳುತ್ತದೆ, ಒಂದೊಂದರ ಗುಣ ಬೇರೆ.

ಬೀದರಿನ ಕೆಂಪು ಜಂಬಿಟ್ಟಿಗೆ ಧೂಳನ್ನು ನಾನು ಎಲ್ಲಕ್ಕಿಂತ ಹೆಚ್ಚು ಅಂಜುತ್ತೇನೆ. ನೌಬಾದಿನಲ್ಲಿ ನೀರು ಹರಿಸುವ ಹಳೆಯ ಕರೇಜ್ ಸುರಂಗಗಳನ್ನು ಕೊರೆದದ್ದು ಈ ಕಲ್ಲಿನಲ್ಲೇ. ಇದರಲ್ಲಿ ಕಬ್ಬಿಣದ ಆಕ್ಸೈಡ್ ತುಂಬಿದೆ, ಅದು ಅಲ್ಯೂಮಿನಿಯಮ್ಮಿಗಿಂತ ಎಷ್ಟೋ ಗಟ್ಟಿ. ಶ್ವಿಂಟೆಕ್ ಬಗೆಯ ಅಲ್ಯೂಮಿನಿಯಂ ಹಳಿಯವರು ಬೀದರಿನ ಕಡೆ ಹೋಗಿಬಂದ ಮೇಲೆ ಒಮ್ಮೆ ಹಳಿ ಒರೆಸದೆ ಖೋಲಿ ಆಡಿಸಬಾರದು.

ಶಹಾಬಾದ್, ಚಿತ್ತಾಪುರದ ಕಡೆಯ ಫರಸಿ ಕಲ್ಲಿನ ಪುಡಿ ಸುಣ್ಣದ ಜಾತಿಯದು, ಅಷ್ಟು ಗಟ್ಟಿಯಲ್ಲ, ಬ್ರಷ್‌ಗೆ ಬರುತ್ತದೆ. ವಾಡಿ, ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ಹೋದಾಗ ಮಾತ್ರ ಎಚ್ಚರ ಬೇಕು. ಸಿಮೆಂಟ್ ಧೂಳಿಗೆ ನೀರು ಹಾಕಿದರೆ ಹೆಪ್ಪುಗಟ್ಟುತ್ತದೆ, ಮೇಲಾಗಿ ಅದರ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮೊದಲು ಒಣ ಬ್ರಷ್, ಆಮೇಲೆ ಟಯರಿಗೆ ಗಾಳಿ ತುಂಬುವ ಕಂಪ್ರೆಸರಿನ ಗಾಳಿ, ಕೊನೆಗಷ್ಟೇ ನೀರು.

ಎರೆಮಣ್ಣು ಒಣಗಿದಾಗ ಹಿಟ್ಟಿನಷ್ಟು ನುಣುಪು, ಎಲ್ಲ ಸಂದಿಗೂ ಇಳಿಯುತ್ತದೆ. ಒದ್ದೆಯಾದರೆ ಉಬ್ಬಿ ಅಂಟಾಗುತ್ತದೆ. ಹೀಗಾಗಿ ಮೊದಲು ಒಣ ಬ್ರಷ್‌ನಿಂದ ಝಾಡಿಸಿ, ಆಮೇಲೆ ನೀರಿನ ಪೈಪ್ ಹಿಡಿಯಿರಿ, ಆದರೆ ಒತ್ತಡದ ವಾಷರ್ ಬೇಡ. ಅದು ಮಣ್ಣನ್ನು ರಬ್ಬರ್ ದಾಟಿಸಿ ಒಳಕ್ಕೇ ನುಗ್ಗಿಸುತ್ತದೆ. ಇನ್ನು ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು. ಹಗುರ, ಲೋಹಕ್ಕೆ ಏನೂ ಮಾಡದು, ಆದರೆ ರಬ್ಬರ್ ಪಟ್ಟಿಯ ಮಡಿಕೆಯಲ್ಲಿ ಸೇರಿ ಮಳೆ ಬಂದಾಗ ನೀರನ್ನು ಹೀರಿ ಒಳಗೆ ಎಳೆಯುತ್ತದೆ.

ಡಬ್ಲ್ಯೂಡಿ-40 ಹೊಡದ್ರ ಸಾಕಲ್ಲ?

ಸಾಲದು. ಆ ಹೆಸರಿನ ಅರ್ಥವೇ ನೀರನ್ನು ಹೊರದಬ್ಬುವ ದ್ರಾವಣದ 40ನೇ ಪ್ರಯತ್ನ ಎಂದು. 1953ರಲ್ಲಿ ಅಮೆರಿಕದಲ್ಲಿ ತುಕ್ಕು ತಡೆಯಲು ಮಾಡಿದ್ದು. ತುಕ್ಕು ಹಿಡಿದ ಬೋಲ್ಟ್ ಬಿಚ್ಚಲು, ಹಳೆಯ ಜಿಡ್ಡು ಸಡಿಲಿಸಲು ಒಳ್ಳೆಯದು. ಮಂಚ, ಮನುಷ್ಯರ ಭಾರ ಹೊತ್ತು ಸರಿಯುವ ಹಳಿಗೆ ಅದರ ಪದರ ಬಹಳ ದಿನ ನಿಲ್ಲುವುದಿಲ್ಲ, ಉಳಿದ ಜಿಡ್ಡು ಧೂಳು ಹಿಡಿಯುತ್ತದೆ. ಅದೇ ಕಂಪನಿ ಸಿಲಿಕೋನ್ ಮತ್ತು ಒಣ ಪಿಟಿಎಫ್‌ಇ ಸ್ಪ್ರೇಗಳನ್ನೂ ಬೇರೆ ಡಬ್ಬಿಯಲ್ಲಿ ಮಾರುತ್ತದೆ. ಡಬ್ಬಿಯ ಬಣ್ಣ ನೋಡಿ ಕೊಳ್ಳಬೇಡಿ, ಹೆಸರು ಓದಿ.

ರಬ್ಬರಿಗೆ ಮನ್ಯಾಗಿನ ಕುಸುಬಿ ಎಣ್ಣಿ ಹಚ್ಚಿದ್ರ ನಡೀತದೇನ್ರಿ?

ನಮ್ಮ ಕಡೆಯ ಪ್ರತಿ ಅಡುಗೆಮನೆಯಲ್ಲೂ ಇರುವ ಎಣ್ಣೆ, ಹೀಗಾಗಿ ಹಲವರು ಹಚ್ಚಿರುತ್ತಾರೆ. ದಯವಿಟ್ಟು ಬೇಡ. ಅಗಸೆ ಎಣ್ಣೆಯಂತೆ ಕುಸುಬಿ ಎಣ್ಣೆಗೂ ಗಾಳಿಯಲ್ಲಿ ಒಣಗಿ ಗಟ್ಟಿಯಾಗುವ ಗುಣವಿದೆ. ಅದಕ್ಕೇ ಈ ಎರಡನ್ನೂ ಬಣ್ಣ, ವಾರ್ನಿಶ್ ಮಾಡಲು ಬಳಸುತ್ತಾರೆ. ಬಾಣಲೆಯ ಹೊರಮೈಗೆ ಎಣ್ಣೆ ಅಂಟಿ ಕಂದು ಪದರವಾಗುವುದನ್ನು ನೋಡಿದ್ದೀರಲ್ಲ, ರಬ್ಬರಿನ ಮೇಲೂ ಅದೇ ಆಗುತ್ತದೆ. ಮೊದಲು ಮೆತ್ತಗೆ ಕಾಣುತ್ತದೆ, ತಿಂಗಳೊಪ್ಪತ್ತಿನಲ್ಲಿ ಗೋಂದಾಗಿ ಪಟ್ಟಿಯನ್ನು ಗೋಡೆಗೆ ಅಂಟಿಸಿಬಿಡುತ್ತದೆ. ಇರುವೆಗಳ ಕಾಟ ಬೇರೆ.

ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ವ್ಯಾಸಲಿನ್ ಇವೂ ಬೇಡ. ಸ್ಲೈಡಿನ ಪಟ್ಟಿಗಳು ಹೆಚ್ಚಾಗಿ ಇಪಿಡಿಎಂ ರಬ್ಬರಿನವು. ಬಿಸಿಲು, ಮಳೆಗೆ ಅದು ಗಟ್ಟಿಗ, ಪೆಟ್ರೋಲಿಯಂ ಎಣ್ಣೆ ತಾಕಿದರೆ ಮಾತ್ರ ಉಬ್ಬಿ, ಮೆತ್ತಗಾಗಿ, ಆಕಾರ ಕಳೆದುಕೊಳ್ಳುತ್ತದೆ.

ಸರಿಯಾದ ಕ್ರಮ ಇದು: ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಪಟ್ಟಿಯ ಎರಡೂ ಮುಖ ಒರೆಸಿ, ಒಣಗಿಸಿ. ಸಿಲಿಕೋನನ್ನು ನೇರವಾಗಿ ಗೋಡೆಗೆ ಸಿಡಿಸದೆ ಬಟ್ಟೆಗೆ ಹೊಡೆದು ಪಟ್ಟಿಗೆ ಒರೆಸಿ. ಗೋಡೆಯ ಮೇಲೆ ಸಿಲಿಕೋನ್ ಕೂತರೆ ಮುಂದೆ ಬಣ್ಣ ಹೊಡೆಯುವಾಗ ಬಣ್ಣ ನಿಲ್ಲದೆ ಗುಳ್ಳೆ ಗುಳ್ಳೆಯಾಗುತ್ತದೆ, ಪೇಂಟರ್ ಬೈಯುತ್ತಾನೆ. ನೆಲದ ಮೇಲೆ ಬಿದ್ದರೆ ಜಾರುತ್ತದೆ. ವಯಸ್ಸಾದವರು ಓಡಾಡುವ ಗಾಡಿಯಲ್ಲಿ ಇದು ಸಣ್ಣ ಮಾತಲ್ಲ.

ಬ್ಯಾಸಗ್ಯಾಗ ಖೋಲಿ ಗೋಡಿಗಿ ಹಿಡಕೊಂಡಂಗ ಆಗತದ.

ಕಲಬುರಗಿಯ ಮೇ ತಿಂಗಳಲ್ಲಿ ನೆರಳಲ್ಲೇ 42-43 ಡಿಗ್ರಿ ಆಗುವುದುಂಟು. ಬಿಸಿಲಿಗೆ ಕಾದ ಲೋಹ ಅದಕ್ಕಿಂತ ಬಹಳ ಬಿಸಿ. ಅಂಥ ಮಧ್ಯಾಹ್ನ ರಬ್ಬರ್ ಮೆತ್ತಗಾಗಿ ಗೋಡೆಯ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಅದೇ ಹೊತ್ತಿಗೆ ಹಳಿಯೂ ಹಿಗ್ಗಿರುತ್ತದೆ. ನಾಲ್ಕು ಮೀಟರ್ ಅಲ್ಯೂಮಿನಿಯಂ 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 3.7 ಮಿಲಿಮೀಟರ್ ಉದ್ದವಾಗುತ್ತದೆ, ಉಕ್ಕು ಅದರ ಅರ್ಧದಷ್ಟು. ಎರಡೂ ಲೋಹ ಜೊತೆಗಿರುವ ಕಡೆ ಈ ವ್ಯತ್ಯಾಸವೇ ಬಿಗಿತ ತರುತ್ತದೆ.

ನಾವು ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಇಲ್ಲವೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಖೋಲಿ ಆಡಿಸುತ್ತೇವೆ. ಮಧ್ಯಾಹ್ನವೇ ಹೊರಡಬೇಕಾದರೆ ಪಟ್ಟಿಯನ್ನು ಸುತ್ತಲೂ ಬೆರಳಿನಿಂದ ಮೆಲ್ಲಗೆ ಬಿಡಿಸಿ ಆಮೇಲೆ ಗುಂಡಿ ಒತ್ತುತ್ತೇವೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಹಚ್ಚುವ ಬಿಳಿ ಪುಡಿಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿದರೂ ಅಂಟುವುದು ತಪ್ಪುತ್ತದೆ. ಶಹಾಪುರದ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಹೇಳಿಕೊಟ್ಟ ಉಪಾಯ ಇದು, ಮೂರು ಬೇಸಿಗೆ ದಾಟಿಸಿದೆ.

ಯಾವ ಸದ್ದು ಬಂದ್ರ ಏನ್ ಅಂತ ತಿಳಕೋಬೇಕು?

ಕೀಂಯ್ ಎಂದರೆ ಒಣಗಿದೆ, ಸ್ಪ್ರೇ ಕೇಳುತ್ತಿದೆ. ಕರಕರ ಎಂದರೆ ಮಣ್ಣು ಸೇರಿದೆ. ಆಗ ಸ್ಪ್ರೇ ಹೊಡೆಯಬೇಡಿ, ಮೊದಲು ಚೊಕ್ಕಟ ಮಾಡಿ. ಟಕ್ ಟಕ್ ಎಂದರೆ ಗೇರಿನ ಹಲ್ಲು ಹಾರುತ್ತಿದೆ, ಅಲ್ಲಿಗೇ ನಿಲ್ಲಿಸಿ. ಮೋಟರ್ ನರಳುತ್ತ ನಿಧಾನವಾದರೆ ಹೆಚ್ಚಾಗಿ ತಪ್ಪು ಬ್ಯಾಟರಿಯದು.

ಗುಂಡಿ ಒತ್ತುವಾಗ ಟಿವಿ, ಹಾಡು ಬಂದ್ ಮಾಡಿ. ನಮ್ಮಲ್ಲಿ ಅಣ್ಣ ಗುಂಡಿ ಒತ್ತುತ್ತಾನೆ, ನಾನು ಹೊರಗೆ ನಿಂತು ಕೇಳುತ್ತೇನೆ. ಒಬ್ಬರೇ ಇದ್ದಾಗ ಖೋಲಿ ತೆಗೆಯುವುದಿಲ್ಲ. ಮಕ್ಕಳು ಸುತ್ತ ಇದ್ದರಂತೂ ಅವರ ಕೈ ಎಲ್ಲಿದೆ ಎಂದು ನೋಡಿಯೇ ಒತ್ತುವುದು.

ಬ್ಯಾಟರಿಗೂ ಇದಕ್ಕೂ ಏನ್ ಸಂಬಂಧ?

ಬಹಳ. ಈ ಮೋಟರುಗಳು 12 ವೋಲ್ಟಿನವು. ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದರೆ ವಿಶ್ರಾಂತಿಯಲ್ಲಿ 12.6 ವೋಲ್ಟ್ ಅಥವಾ ಸ್ವಲ್ಪ ಮೇಲೆ ತೋರಿಸುತ್ತದೆ. 12ರ ಕೆಳಗೆ ಇಳಿದಿದ್ದರೆ ಅದು ಬಹುತೇಕ ಖಾಲಿ ಎಂದೇ ಲೆಕ್ಕ. ವೋಲ್ಟೇಜ್ ಇಳಿದಾಗ ಮೋಟರ್ ಭಾರ ತಳ್ಳಲಾಗದೆ ತಿಣುಕುತ್ತದೆ, ಬಿಸಿಯಾಗುತ್ತದೆ. ಜನ ಆಗ ಎಣ್ಣೆ ಕಡಿಮೆಯಾಗಿದೆ ಎಂದುಕೊಂಡು ಇನ್ನಷ್ಟು ಬಳಿಯುತ್ತಾರೆ! ಖೋಲಿ ಆಡಿಸುವಾಗ ಎಂಜಿನ್ ಚಾಲೂ ಇಡಿ ಅಥವಾ ಚಾರ್ಜರ್ ಹಚ್ಚಿ. ಬ್ಯಾಟರಿಯ ತುದಿಯಲ್ಲಿ ಬಿಳಿ-ಹಸಿರು ಹೂವಿನಂತೆ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಚಾಸಿಗೆ ಕೂಡಿಸಿದ ಅರ್ಥ್ ತಂತಿಯ ಬೋಲ್ಟಿನಲ್ಲಿ ತುಕ್ಕಿದ್ದರೂ ಇದೇ ಲಕ್ಷಣ. ಫ್ಯೂಸ್ ಪದೇ ಪದೇ ಹೋದರೆ ದೊಡ್ಡ ಫ್ಯೂಸ್ ಹಾಕಬೇಡಿ, ತಂತಿ ಹೊತ್ತಿಕೊಳ್ಳುತ್ತದೆ.

ಹೊಲದಾಗ ಗಾಡಿ ನಿಲ್ಲಿಸಿದಾಗ ಖೋಲಿ ವಾರಿಯಾಗಿ ಸಿಕ್ಕೊಂಡಿತು. ಯಾಕ?

ಎರೆಮಣ್ಣಿನ ಕೆಲಸ. ಖೋಲಿ ತೆಗೆಯುವ ಮೊದಲು ಗಾಡಿ ಮಟ್ಟಸವಾಗಿರಬೇಕು, ಜ್ಯಾಕ್ ಕಾಲುಗಳು ಗಟ್ಟಿ ನೆಲದ ಮೇಲೆ ಊರಿರಬೇಕು. ಚಾಸಿ ಸ್ವಲ್ಪ ತಿರುಚಿದರೂ ಗೋಡೆಯ ಬಾಯಿಯ ಚೌಕ ಮೂಲೆ ತಪ್ಪುತ್ತದೆ, ಪೆಟ್ಟಿಗೆ ಮಾತ್ರ ಚೌಕವಾಗಿಯೇ ಇರುತ್ತದೆ. ಸಿಕ್ಕಿಕೊಳ್ಳದೆ ಇನ್ನೇನು?

ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಬಿರುಕಿನ ಪಕ್ಕ ಊರಿದ ಕಾಲು ರಾತ್ರಿ ಹೊತ್ತಿಗೆ ಕುಸಿಯುತ್ತದೆ. ಒಂದು ಮಳೆ ಬಿದ್ದರಂತೂ ಸಂಜೆ ಮಟ್ಟಸವಿದ್ದ ಗಾಡಿ ಬೆಳಿಗ್ಗೆ ಒಂದು ಕಡೆ ವಾಲಿರುತ್ತದೆ. ನಾವು ನಾಲ್ಕು ಫರಸಿ ತುಂಡುಗಳನ್ನು ಯಾವಾಗಲೂ ಗಾಡಿಯಲ್ಲಿಡುತ್ತೇವೆ. ಕಲ್ಲು ಕೆಳಗೆ, ಅದರ ಮೇಲೆ ಬೇವಿನ ದಪ್ಪ ಹಲಗೆ, ಅದರ ಮೇಲೆ ಜ್ಯಾಕ್. ಬರೀ ಫರಸಿಯ ಮೇಲೆ ಜ್ಯಾಕ್ ಊರಿದರೆ ಕಲ್ಲು ಸೀಳುತ್ತದೆ, ಬರೀ ಹಲಗೆಯಿಟ್ಟರೆ ಅದು ಮಣ್ಣಲ್ಲಿ ಹೂತುಹೋಗುತ್ತದೆ. ನಾರಾಯಣಪುರ ಜಲಾಶಯದ ಕಡೆ, ಬೋನಾಳ ಕೆರೆಯ ಹಕ್ಕಿ ನೋಡಲು ಹೋದಾಗ ಈ ಕಲ್ಲು-ಹಲಗೆ ನಮ್ಮನ್ನು ಕಾದಿದೆ. ಖೋಲಿ ಒಳಗೆ ಎಳೆಯುವ ಮುನ್ನವೂ ಮಟ್ಟ ನೋಡಿ. ಮಟ್ಟದ ಗುಳ್ಳೆಯಿರುವ ಗೌಂಡಿಯ ಪಟ್ಟಿ ಸಾಕು.

ಖೋಲಿ ಮ್ಯಾಲಿನ ಮಾಡು ನೋಡಬೇಕೇನ್ರಿ?

ನೋಡಲೇಬೇಕು, ಪ್ರತಿ ಸಲ. ಯುಗಾದಿ ಹೊತ್ತಿಗೆ ಬೇವಿನ ಹೂವು ಉದುರುತ್ತದೆ, ಮುಂದೆ ಬೇವಿನ ಹಣ್ಣು, ಅಂಟು. ಖೋಲಿ ಒಳಗೆ ಸರಿಯುವಾಗ ಇದೆಲ್ಲ ಮೇಲಿನ ರಬ್ಬರಿನಡಿ ಸಿಕ್ಕಿ ಮೂಲೆ ಹರಿಯುತ್ತದೆ. ಏಣಿ ಹಾಕಿ ಮೆತ್ತನೆಯ ಕಸಬರಿಗೆಯಿಂದ ಗುಡಿಸಿ, ಒರೆಸಿ, ಆಮೇಲೆ ಎಳೆಯಿರಿ. ಮಾಡಿನ ಮೇಲೆ ತಾನಾಗಿಯೇ ಸುತ್ತಿಕೊಳ್ಳುವ ಕ್ಯಾನ್ವಾಸ್ ಹಾಕಿಸಿದರೆ ಒಳ್ಳೆಯದು. ನಮಗೆ ಹಾಕಿಸಲು ಇನ್ನೂ ಆಗಿಲ್ಲ.

ಹೈಡ್ರಾಲಿಕ್ ಇದ್ದವರು?

ಎಣ್ಣೆಯ ಮಟ್ಟವನ್ನು ಎಲ್ಲ ಖೋಲಿಗಳೂ ಒಳಗಿದ್ದಾಗಲೇ ನೋಡಬೇಕು. ಹೊರಗಿದ್ದಾಗ ನೋಡಿ ತುಂಬಿಸಿದರೆ ಒಳಗೆ ಎಳೆದಾಗ ಟ್ಯಾಂಕ್ ಉಕ್ಕುತ್ತದೆ. ಯಾವ ಎಣ್ಣೆ ಎಂಬುದು ಟ್ಯಾಂಕಿನ ಮೇಲೆ ಬರೆದಿರುತ್ತದೆ. ಹಲವದರಲ್ಲಿ ಆಟೊಮ್ಯಾಟಿಕ್ ಗೇರ್‌ಪೆಟ್ಟಿಗೆಯ ಎಟಿಎಫ್ ಎಣ್ಣೆಯೇ ಇರುತ್ತದೆ. ಎರಡು ಬಗೆ ಬೆರೆಸಬೇಡಿ. ಹೊಳೆಯುವ ರಾಡಿಗೆ ಗ್ರೀಸ್ ಬಳಿಯಬೇಡಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಉಕ್ಕಿನ ಹಗ್ಗದ ಸ್ಲೈಡಿಗೆ?

ಬರಿಗೈ ಸವರಬೇಡಿ. ಹಳೆಯ ಬಟ್ಟೆ ಹಿಡಿದು ಹಗ್ಗದುದ್ದಕ್ಕೂ ಎಳೆಯಿರಿ. ಎಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಕಡಿದಿದೆ, ಹಗ್ಗ ಬದಲಿಸುವ ತನಕ ಖೋಲಿ ಆಡಿಸಬೇಡಿ. ರಾಟೆಯ ನಡುವಿನ ಗೂಟಕ್ಕೆ ಒಣ ಸ್ಪ್ರೇ ಸ್ವಲ್ಪ.

ಎರಡು ಮೋಟರಿನ ಸ್ಲೈಡಿನಾಗ ಒಂದ ಬಾಜು ಮುಂದ, ಒಂದ ಬಾಜು ಹಿಂದ ಆಗೇದ.

ಶ್ವಿಂಟೆಕ್ ಬಗೆಯಲ್ಲಿ ಎರಡು ಮೋಟರುಗಳ ಜೋಡಿ ನಡಿಗೆಯನ್ನು ನಿಯಂತ್ರಕ ಲೆಕ್ಕವಿಡುತ್ತದೆ. ಅರ್ಧಕ್ಕೆ ನಿಲ್ಲಿಸಿ ಹಿಂದೆ-ಮುಂದೆ ಮಾಡುವ ರೂಢಿಯಿದ್ದರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಹೊರಗೆ ಬಂದು ಎರಡೂ ಮೋಟರ್ ತಾವಾಗಿ ನಿಲ್ಲುವ ತನಕ ಗುಂಡಿ ಬಿಡಬೇಡಿ. ಎರಡು-ಮೂರು ಬೆರಳಿನಷ್ಟು ಒಳಗೆ ಎಳೆದು, ಮತ್ತೆ ಹೊರಗೆ ಒತ್ತಿ ತಾವಾಗಿ ನಿಲ್ಲುವ ತನಕ ಹಿಡಿಯಿರಿ. ಎರಡೂ ಒಟ್ಟಿಗೆ ನಿಲ್ಲುವ ತನಕ ಹೀಗೆ ಮಾಡಿ. ಸರಿಹೋಗದಿದ್ದರೆ ಹಳಿಯಲ್ಲಿ ಮಣ್ಣಿದೆಯೇ ನೋಡಿ.

ಎಷ್ಟು ದಿನಕ್ಕೊಮ್ಮೆ ಇದೆಲ್ಲಾ ಮಾಡಬೇಕು?

ಕೈಪಿಡಿಯಲ್ಲಿ ಏನೇ ಇರಲಿ, ನಮ್ಮ ಧೂಳಿಗೆ ನಾನು ಇಟ್ಟುಕೊಂಡ ಲೆಕ್ಕ ಹೇಳುತ್ತೇನೆ. ಪ್ರತಿ ಪ್ರಯಾಣದ ಕೊನೆಗೆ ಹಳಿ, ಹಲ್ಲುಪಟ್ಟಿ ಒಣ ಬ್ರಷ್‌ನಿಂದ ಝಾಡಿಸುವುದು. ಎರಡು ತಿಂಗಳಿಗೊಮ್ಮೆ ತೊಳೆದು, ಆರಿಸಿ, ಒಣ ಟೆಫ್ಲಾನ್. ರಬ್ಬರಿಗೆ ವರ್ಷದಲ್ಲಿ ನಾಲ್ಕು ಸಲ, ಅದರಲ್ಲಿ ಎರಡು ಸಲ ತಪ್ಪುವಂತಿಲ್ಲ: ಮಾರ್ಚಿನಲ್ಲಿ ಬಿಸಿಲು ಏರುವ ಮುನ್ನ, ಮೇ ಕೊನೆಗೆ ಮುಂಗಾರಿನ ಮುನ್ನ. ಗಾಡಿ ಹೊರಡದೆ ನಿಂತೇ ಇದ್ದರೂ ತಿಂಗಳಿಗೊಮ್ಮೆ ಖೋಲಿಯನ್ನು ಪೂರ್ತಿ ಹೊರಗೆ ತಂದು ಒಳಗೆ ಹಾಕಿ. ಇಲಿ ತಂತಿ ಕಡಿದಿದ್ದರೂ ಆಗಲೇ ಗೊತ್ತಾಗುತ್ತದೆ.

ನಮ್ಮ ಹಳೀ ಬಸ್ಸಿಗೆ ಹೊಸದಾಗಿ ಸ್ಲೈಡ್ ಹಾಕಿಸಬಹುದೇನ್ರಿ?

ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಕೇಳಿ. ಕಲಬುರಗಿಯ ಕೆಎ-32 ಇರಲಿ, ಯಾದಗಿರಿಯ ಕೆಎ-33 ಇರಲಿ, ಬೀದರಿನ ಕೆಎ-38 ಇರಲಿ, ಕಾನೂನು ಒಂದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತಾಗುವ ಬದಲಾವಣೆಗೆ ಅವಕಾಶವಿಲ್ಲ. ಗೋಡೆ ಕೊಯ್ದರೆ ಬಾಡಿಯ ಬಲವೂ ಕುಂದುತ್ತದೆ. ಕೊಯ್ದ ಮೇಲೆ ಕೇಳಲು ಬರುವವರೇ ಹೆಚ್ಚು, ಆಗ ನನ್ನಿಂದ ಹೇಳುವಂಥದ್ದು ಏನೂ ಉಳಿದಿರುವುದಿಲ್ಲ.

ದಾರ್ಯಾಗ ಖೋಲಿ ಹೊರಗ ಸಿಕ್ಕೊಂಡ್ರ ಮನಿಗಿ ಹ್ಯಾಂಗ ಬರೋದ್ರಿ?

ಹೊರಗಿಟ್ಟುಕೊಂಡು ಒಂದು ಮಾರೂ ಓಡಿಸಬೇಡಿ. ಹೆಚ್ಚಿನ ಸ್ಲೈಡುಗಳಿಗೆ ಕೈಯಿಂದ ಎಳೆಯುವ ದಾರಿ ಇರುತ್ತದೆ. ಹಲ್ಲುಪಟ್ಟಿಯದರಲ್ಲಿ ಮೋಟರಿನ ಹಿಂದೆ ಅಥವಾ ಅಡ್ಡ ಶಾಫ್ಟಿನ ತುದಿಯಲ್ಲಿ ಹ್ಯಾಂಡಲ್ ಕೂರುವ ಜಾಗವಿದೆ, ಮೊದಲು ಮೋಟರಿನ ಬ್ರೇಕ್ ಸಡಿಲಿಸಬೇಕು. ಶ್ವಿಂಟೆಕ್ ನಿಯಂತ್ರಕದಲ್ಲಿ ಮೋಡ್ ಗುಂಡಿಯನ್ನು ಬೇಗ ಬೇಗ ಆರು ಸಲ ಒತ್ತಿ, ಏಳನೆಯ ಸಲ ಸುಮಾರು ಐದು ಸೆಕೆಂಡ್ ಹಿಡಿದರೆ ಕೆಂಪು-ಹಸಿರು ದೀಪ ಮಿಣುಕುತ್ತವೆ, ಆಗ ಮೋಟರಿನ ಬಿಗಿತ ಬಿಡುತ್ತದೆ. ನಾಲ್ಕು ಜನ ಸಮನಾಗಿ, ಖೋಲಿಯ ನೆಲದ ಮಟ್ಟಕ್ಕೆ ಕೈಯಿಟ್ಟು ತಳ್ಳಿ. ಒಳಗೆ ಬಂದ ಮೇಲೆ ಪ್ರಯಾಣದ ಲಾಕ್ ಪಟ್ಟಿ ಹಾಕಿ, ಇಲ್ಲದಿದ್ದರೆ ದಾರಿಯಲ್ಲಿ ತಾನಾಗಿ ಹೊರಗೆ ಜಾರಬಹುದು.

ಇದನ್ನೆಲ್ಲ ಮನೆ ಮುಂದೆ, ಹಗಲು ಹೊತ್ತಿನಲ್ಲಿ, ಯಾವ ಅವಸರವೂ ಇಲ್ಲದಾಗ ಒಮ್ಮೆ ಮಾಡಿ ನೋಡಿ. ಬೀದರಿನ ಆ ರಾತ್ರಿ ನಮ್ಮ ಹ್ಯಾಂಡಲ್ ಗಾಡಿಯಲ್ಲೇ ಇತ್ತು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟಿದ್ದೆ, ಖೋಲಿ ಪೂರ್ತಿ ಹೊರಗೆ ಬಾರದೆ ಆ ಪೆಟ್ಟಿಗೆ ತೆರೆಯುವಂತಿರಲಿಲ್ಲ. ಈಗ ಅದು ಡ್ರೈವರ್ ಸೀಟಿನ ಹಿಂದೆ, ಕೆಂಪು ಬಟ್ಟೆ ಸುತ್ತಿ ನೇತುಹಾಕಿದೆ.